ರಾಟ್‌ವೀಲರ್ ಮರಿಗೆ ಆರು ಭಾನುವಾರದ ಕ್ಲಾಸು: ಮೈಸೂರಿನ ನಮ್ಮ ಮನೆಯ ಅನುಭವ

ನಮ್ಮ ಅತ್ತೆಗೆ 74 ವರ್ಷ. ಮಂಡಿ ಆಪರೇಷನ್ ಆಗಿದೆ, ಕೋಲು ಹಿಡಿದು ನಡೆಯುತ್ತಾರೆ. ಅಂಥ ಮನೆಗೆ ಕಳೆದ ಜೂನ್‌ನಲ್ಲಿ ರಾಟ್‌ವೀಲರ್ ಮರಿ ಬಂತು. ತಂದವರು ನನ್ನ ಗಂಡ, ಹೆಸರಿಟ್ಟವಳು ಮಗಳು. ನೇರಳೆ ಹಣ್ಣಿನ ಕಾಲ, ಮರಿಯ ಬಣ್ಣವೂ ಹಾಗೇ ಇತ್ತು. ಅದಕ್ಕೇ ಅವಳು ನೇರಳೆ. ಕರೆಯುವುದು ನೇರು. ಬಂದಾಗ ಎಂಟು ವಾರ, ತೂಕ ಏಳು ಕೆಜಿ. ಈ ತಳಿಯ ಹೆಣ್ಣುನಾಯಿ ಬೆಳೆದರೆ ನಲವತ್ತು ಕೆಜಿ ದಾಟಬಹುದು ಎಂದು ಗೊತ್ತಿದ್ದೇ ತಂದಿದ್ದೆವು. ಗೊತ್ತಿರುವುದು ಬೇರೆ, ಅತ್ತೆ ಕೋಲೂರಿಕೊಂಡು ಅಡುಗೆಮನೆಗೆ ಹೋಗುವಾಗ ಅವರ ಕಾಲ ಹತ್ತಿರವೇ ಆ ಮರಿ ಓಡಾಡುವುದನ್ನು ನೋಡುವುದು ಬೇರೆ. ಮೊದಲ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅಕ್ಕಪಕ್ಕದವರಿಗೂ ಭಯ. ಎದುರು ಮನೆಯ ಆಂಟಿ ಗೇಟಿನ ಹೊರಗೇ ನಿಂತು, 'ಆ ಬ್ಯಾನ್ ಆದ ನಾಯಿ ಅಲ್ವಾ ಇದು?' ಎಂದು ಕೇಳಿದರು. ಅವರು ಹೇಳಿದ್ದು ಪೂರ್ತಿ ತಪ್ಪಲ್ಲ. 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನಾ ಇಲಾಖೆ ಕೆಲವು ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ, ಅವಕ್ಕೆ ಲೈಸೆನ್ಸ್ ಕೊಡಬೇಡಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಅದರಲ್ಲಿ ರಾಟ್‌ವೀಲರ್ ಹೆಸರೂ ಇತ್ತು. ಏಪ್ರಿಲ್ 10ರಂದು ನಮ್ಮ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಆದರೆ ಬ್ಯಾನ್ ಎಂಬ ಸುದ್ದಿ ತಲುಪಿದಷ್ಟು ಮನೆಗಳಿಗೆ ರದ್ದಾದ ಸುದ್ದಿ ತಲುಪಲಿಲ್ಲ. ಆಂಟಿಗೆ ಕೋರ್ಟಿನ ವಿಷಯ ಹೇಳಿದೆ. ಅವರು ತಲೆಯಾಡಿಸಿದರು, ಗೇಟಿನ ಒಳಗೆ ಮಾತ್ರ ಬರಲಿಲ್ಲ.

ಕ್ಲಾಸಿನ ಬಗ್ಗೆ ಹೇಳುವ ಮೊದಲು ಒಂದು ಕಹಿ ಅನುಭವ ಹೇಳಲೇಬೇಕು. ನೇರು ಬಂದ ನಾಲ್ಕನೇ ದಿನ ಪರಿಚಯದವರು ಹೇಳಿದರೆಂದು ಒಬ್ಬ ಟ್ರೈನರನ್ನು ಮನೆಗೆ ಕರೆಸಿದೆವು. ಹೆಸರು ಬೇಡ. 'ಹೊರಗಿನವರ ಕೈಯಲ್ಲಿ ಮುಟ್ಟಿಸಬೇಡಿ. ಯಾರಾದರೂ ಬಂದರೆ ಹಿಂದುಗಡೆ ಕಟ್ಟಿಹಾಕಿ. ಆಗಲೇ ಒಳ್ಳೆ ಕಾವಲು ನಾಯಿ ಆಗುತ್ತೆ' ಎಂದರು. ಚೀಲದಿಂದ ಎಳೆದರೆ ಕುತ್ತಿಗೆ ಬಿಗಿಯುವ ಕಬ್ಬಿಣದ ಚೈನು ತೆಗೆದು ಆ ಏಳು ಕೆಜಿ ಮರಿಯ ಕುತ್ತಿಗೆಗೆ ಹಾಕಿ ಒಮ್ಮೆ ಎಳೆದರು. ನೇರು ಕುಂಯ್ ಎಂದಳು. ಮಗಳು ಅಳುತ್ತಾ ಒಳಗೆ ಓಡಿದಳು. ನನ್ನ ಗಂಡ ಅವರ ದುಡ್ಡು ಕೊಟ್ಟು ಕಳಿಸಿಬಿಟ್ಟರು. ಆಮೇಲೆ ಎರಡು ದಿನ ಹೊಸಬರ ಧ್ವನಿ ಕೇಳಿದರೆ ಸಾಕು, ನೇರು ಸೋಫಾ ಕೆಳಗೆ ಹೋಗಿ ಸೇರಿಕೊಳ್ಳುತ್ತಿದ್ದಳು.

ಹಾಗೆ ಹುಡುಕುತ್ತಾ ಸಿಕ್ಕಿದ್ದು ಈ ಮರಿಗಳ ಕ್ಲಾಸು. ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹದಿನೈದು ನಿಮಿಷ. ನಡೆಸುವವರು ಮೂವತ್ತು ದಾಟಿದ ಒಬ್ಬ ಹೆಣ್ಣುಮಗಳು. ಮಗಳು ಅವರನ್ನು 'ಡಾಗ್ ಮಿಸ್' ಎಂದಳು, ಈಗ ಎಲ್ಲರಿಗೂ ಅವರು ಮಿಸ್. ಒಂದು ಬ್ಯಾಚಿಗೆ ಐದೇ ಮರಿ ಸೇರಿಸಿಕೊಳ್ಳುತ್ತಾರೆ. ಈಗಲೇ ಕ್ಯೂ ಇದೆ, ಹೆಸರು, ನಂಬರ್ ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಅದಕ್ಕೆ ಅಲ್ಲಿ ಏನು ನಡೆಯುತ್ತದೆ ಎಂಬುದನ್ನೇ ಬಿಡಿಸಿ ಬರೆಯುತ್ತೇನೆ. ನಿಮ್ಮೂರಿನಲ್ಲಿ ಇಂಥದ್ದನ್ನು ಹುಡುಕುವಾಗ ಯಾವುದು ಸರಿ, ಯಾವುದು ಬೇಡ ಎಂದು ಗೊತ್ತಾಗಲಿ.

ಮೊದಲ ಗೊಂದಲ ಇಂಜೆಕ್ಷನ್‌ನದು. ನಮ್ಮ ಡಾಕ್ಟರ್, 'ಎಲ್ಲ ಇಂಜೆಕ್ಷನ್ ಮುಗಿಯುವವರೆಗೆ ಹೊರಗೆ ಬಿಡಬೇಡಿ, ಪಾರ್ವೋ ಬರುತ್ತೆ' ಎಂದಿದ್ದರು. ಅದೂ ನಿಜವೇ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮರಿಗಳನ್ನು ಎರಡು ಮೂರು ದಿನದಲ್ಲಿ ಕೊಂದುಬಿಡಬಹುದು. ಆದರೆ ಇಂಜೆಕ್ಷನ್ ಎಲ್ಲ ಮುಗಿಯುವಾಗ ಮರಿಗೆ ಹದಿನಾರು ವಾರ. ಹೊಸ ಮನುಷ್ಯರನ್ನು, ಹೊಸ ಸದ್ದನ್ನು ಮರಿ ಸುಲಭವಾಗಿ ಒಪ್ಪಿಕೊಳ್ಳುವ ಕಾಲ ಸುಮಾರು ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಮಾತ್ರ. ಕಾಯುತ್ತಾ ಕೂತರೆ ಆ ಬಾಗಿಲು ಮುಚ್ಚುತ್ತದೆ. ಮಿಸ್ ಒಂದು ಪ್ರಿಂಟ್ ತೋರಿಸಿದರು. ಅಮೆರಿಕನ್ ವೆಟರ್ನರಿ ಸೊಸೈಟಿ ಆಫ್ ಅನಿಮಲ್ ಬಿಹೇವಿಯರ್ ಎಂಬ ಪಶುವೈದ್ಯರ ಸಂಘ 2008ರಲ್ಲೇ ಇದಕ್ಕೆ ದಾರಿ ಹೇಳಿದೆ. ಏಳೆಂಟು ವಾರಕ್ಕೇ ಕ್ಲಾಸು ಶುರು ಮಾಡಬಹುದು, ಆದರೆ ಮೊದಲ ಇಂಜೆಕ್ಷನ್ ಮತ್ತು ಜಂತುಹುಳದ ಔಷಧಿ ಆಗಿ ಕನಿಷ್ಠ ಏಳು ದಿನ ಕಳೆದಿರಬೇಕು, ಮುಂದಿನ ಇಂಜೆಕ್ಷನ್‌ಗಳು ತಪ್ಪಬಾರದು. ಅದನ್ನು ನಮ್ಮ ಡಾಕ್ಟರಿಗೆ ತೋರಿಸಿದೆ. ಓದಿದರು, 'ಜಾಗ ಶುದ್ಧವಾಗಿರಬೇಕು, ಬೀದಿ ಮಣ್ಣಿನಲ್ಲಿ ಬಿಡಬೇಡಿ' ಎಂದು ಒಪ್ಪಿದರು.

ಶುದ್ಧದ ವಿಷಯದಲ್ಲಿ ಈ ಕ್ಲಾಸಿಗೆ ಪೂರ್ತಿ ಮಾರ್ಕು. ಚಪ್ಪಲಿ ಕೆಳಗೇ ಬಿಡಬೇಕು. ಮರಿಯನ್ನು ಮೆಟ್ಟಿಲು ಹತ್ತಿಸುವ ಹಾಗಿಲ್ಲ, ಎತ್ತಿಕೊಂಡೇ ಹೋಗಬೇಕು. ಹಾಲ್ ನೆಲವನ್ನು ಬ್ಲೀಚಿಂಗ್ ನೀರಿನಲ್ಲಿ ಒರೆಸಿರುತ್ತಾರೆ, ವಾಸನೆಯೇ ಹೇಳುತ್ತದೆ. ಪ್ರತಿ ಭಾನುವಾರ ಬಾಗಿಲಲ್ಲೇ ಇಂಜೆಕ್ಷನ್ ಪುಸ್ತಕ ನೋಡುತ್ತಾರೆ. ಒಂದು ದಿನ ಒಂದು ಲ್ಯಾಬ್ರಡಾರ್ ಮರಿಗೆ ಹಿಂದಿನ ರಾತ್ರಿ ವಾಂತಿ ಆಗಿತ್ತೆಂದು ಅವರ ಮನೆಯವರು ಹೇಳಿದ ತಕ್ಷಣ ವಾಪಸು ಕಳಿಸಿದರು. ಅವರು ಬೆಟ್ಟದ ಕಡೆಯಿಂದ ಅಷ್ಟು ದೂರ ಬಂದಿದ್ದರು, ಪಾಪ. ಆದರೂ ಮಿಸ್ ಮಾಡಿದ್ದೇ ಸರಿ. ನೆಲದ ಮೇಲೆ ರಬ್ಬರ್ ಮ್ಯಾಟ್ ಹಾಸಿರುತ್ತಾರೆ. ದೊಡ್ಡ ತಳಿಯ ಮರಿಗಳ ಮೂಳೆ ಗಟ್ಟಿಯಾಗಲು ವರ್ಷದ ಮೇಲೆ ಬೇಕು, ಸೊಂಟದ ಕೀಲಿನ ತೊಂದರೆಯೂ ಇವಕ್ಕೆ ಜಾಸ್ತಿ. ಜಾರುವ ಟೈಲ್ಸ್ ಮೇಲೆ ಓಡಿಸಬಾರದು. ಅದನ್ನು ನೋಡಿ ಬಂದ ಮೇಲೆ ನಮ್ಮ ಹಾಲಿಗೂ ಮ್ಯಾಟ್ ತಂದೆವು. ಅತ್ತೆಯ ಕೋಲೂ ಈಗ ಜಾರುವುದಿಲ್ಲ.

ಮೊದಲ ಭಾನುವಾರ ನಾನು ಅಂದುಕೊಂಡಿದ್ದೇ ಬೇರೆ. ಎಲ್ಲರೂ ಮರಿಯನ್ನು ಎತ್ತಿ ಮುದ್ದಾಡುತ್ತಾರೆ, ಮರಿಗೆ ಜನ ಅಭ್ಯಾಸ ಆಗುತ್ತದೆ ಎಂದು. ಆಗಿದ್ದು ಹೀಗೆ. ಆರು ಜನ ಹೊಸಬರು ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಮಿಸ್ ಅವರಿಗೆ ಮೂರು ಮಾತು ಹೇಳಿದರು. ಮರಿಯನ್ನು ದಿಟ್ಟಿಸಬೇಡಿ, ಕೈ ಚಾಚಬೇಡಿ, ಚ್ಚುಚ್ಚು ಎಂದು ಕರೆಯಬೇಡಿ. ಅವರ ಕೈಯಲ್ಲಿ ಬೇಯಿಸಿದ ಚಿಕನ್ನಿನ ಕಡಲೆಬೇಳೆಯಷ್ಟು ಸಣ್ಣ ಚೂರುಗಳು. ನೇರು ಅವರ ಕಡೆ ಒಂದು ಹೆಜ್ಜೆ ಇಟ್ಟರೆ ಚೂರನ್ನು ಅವಳ ಹಿಂದಕ್ಕೆ ಎಸೆಯಬೇಕು. ಅವಳು ತಿರುಗಿ ಹೋಗಿ ತಿನ್ನುತ್ತಾಳೆ, ಮತ್ತೆ ಬರುತ್ತಾಳೆ. ಈ ಹಿಂದಕ್ಕೆ ಎಸೆಯುವುದು ನನಗೆ ಮೊದಲು ಅರ್ಥವಾಗಲಿಲ್ಲ. ಕೈಯಲ್ಲೇ ತಿನ್ನಿಸಿದರೆ ಏನು ಎಂದು ಕೇಳಿದೆ. 'ಅಮ್ಮ, ಹೆದರಿದ ಮರಿಯೂ ಆಸೆಗೆ ಬಂದುಬಿಡುತ್ತೆ. ಬಾಯಿಗೆ ಚಿಕನ್ ಸಿಕ್ಕ ಮೇಲೆ ತಲೆ ಎತ್ತಿ ನೋಡಿದರೆ ಹೊಸಬರು ಮೂಗಿನ ಹತ್ತಿರ ಇರುತ್ತಾರೆ. ಆಗ ಗಾಬರಿ ಆಗುತ್ತೆ. ಹಿಂದೆ ಹೋಗೋ ದಾರಿ ತೆರೆದಿದೆ ಅಂತ ಗೊತ್ತಿದ್ದರೆ ಅದಾಗಿ ಅದೇ ಮುಂದೆ ಬರುತ್ತೆ' ಎಂದರು.

ಇಡೀ ಆರು ವಾರದ ಜೀವ ಈ ಮಾತಿನಲ್ಲಿದೆ ಎನ್ನುವುದು ನನ್ನ ಅಭಿಪ್ರಾಯ. ಮರಿ ಜನರ ಹತ್ತಿರ ಹೋಗಬೇಕು, ಜನ ಮರಿಯ ಮೇಲೆ ಬೀಳಬಾರದು. ಹತ್ತು ನಿಮಿಷದ ನಂತರ ನೇರು ಒಬ್ಬ ಗಡ್ಡದ ತಾತನ ಪಂಚೆಯ ಅಂಚನ್ನು ಮೂಸಿದಳು. ಇಪ್ಪತ್ತನೇ ನಿಮಿಷಕ್ಕೆ ಅವರ ಪಕ್ಕದಲ್ಲೇ ಮಲಗಿದಳು. ತಾತ ಆಮೇಲೂ ಕೈ ಮುಂದೆ ಮಾಡಲಿಲ್ಲ. ಅವರ ತಾಳ್ಮೆಗೆ ನಾನು ಇವತ್ತಿಗೂ ಋಣಿ.

ಮುಟ್ಟುವುದು ಎರಡನೇ ವಾರ. ತಲೆಯ ಮೇಲೆ ಕೈ ಇಡುವ ಹಾಗಿಲ್ಲ, ಎದೆಯ ಹತ್ತಿರ ಸವರಬೇಕು. ಮೂರು ಎಣಿಸುವವರೆಗೆ ಸವರಿ ಕೈ ತೆಗೆಯಬೇಕು. ಮರಿ ಮತ್ತೆ ಒತ್ತಿಕೊಂಡು ಬಂದರೆ ಇನ್ನೊಂದು ಸಲ. ಸುಮ್ಮನೆ ನಿಂತರೆ, ತುಟಿ ನೆಕ್ಕಿಕೊಂಡರೆ, ನಿದ್ದೆ ಬರದೆಯೂ ಆಕಳಿಸಿದರೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿದರೆ ಸಾಕು ಎಂದು ಅರ್ಥ. ಬಾಲ ಅಲ್ಲಾಡಿದರೆ ಖುಷಿ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಬಾಲ ಮೇಲೆ ಗಟ್ಟಿಯಾಗಿ ನಿಂತು ಸಣ್ಣಗೆ ಅದುರಿದರೆ ಅದು ಬಿಗಿ, ಇಡೀ ಸೊಂಟದ ಜೊತೆ ಆಡಿದರೆ ಖುಷಿ. ನೇರುವಿಗೆ ಪೂರ್ತಿ ಬಾಲ ಇದೆ. ಕತ್ತರಿಸದ ಮರಿಯೇ ಬೇಕು ಎಂದು ಮೊದಲೇ ಹೇಳಿ ತಂದಿದ್ದೆವು. ಅದು ಎಷ್ಟು ಒಳ್ಳೆಯದಾಯಿತು ಎಂದು ಗೊತ್ತಾಗಿದ್ದು ಇಲ್ಲಿ.

ಕ್ಲಾಸು ವಾರಕ್ಕೆ ಒಂದು ಗಂಟೆ. ಉಳಿದದ್ದು ಮನೆಗೆಲಸ. ಮಗಳು ಒಂದು ನೋಟ್‌ಬುಕ್ ಮಾಡಿದಳು. ನೇರು ಯಾರನ್ನು ನೋಡಿದಳು, ಎಷ್ಟು ದೂರದಿಂದ, ಏನು ಮಾಡಿದಳು. ಹಾಲಿನವರು, ಸೈಕಲ್ಲಿನ ಹೂವಿನವರು, ಕಸದ ಗಾಡಿಯವರು, ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬರುವ ಅಣ್ಣ, ಬುರ್ಖಾ ಹಾಕಿದ ಟೀಚರ್, ಸ್ಕೂಲ್ ಆಟೋದ ಮಕ್ಕಳು, ಛತ್ರಿ ಹಿಡಿದವರು, ದೊಡ್ಡ ಬ್ಯಾಗಿನ ಡೆಲಿವರಿ ಹುಡುಗರು. ಕಾಲು ನೆಲಕ್ಕೆ ಇಡಿಸದೆ, ಕಾರಿನ ಡಿಕ್ಕಿ ತೆರೆದು ಹಳೆ ಬೆಡ್‌ಶೀಟ್ ಹಾಸಿ ಅವಳನ್ನು ನಮ್ಮ ನಡುವೆ ಕೂರಿಸಿಕೊಂಡು ಕುವೆಂಪುನಗರದ ಕಾಂಪ್ಲೆಕ್ಸ್ ಎದುರು ಸಂಜೆ ಹತ್ತು ನಿಮಿಷ ಕೂರುತ್ತಿದ್ದೆವು. ಯಾರಾದರೂ ಹಾದು ಹೋದರೆ ಒಂದು ಚೂರು. ಅಷ್ಟೇ ಕೆಲಸ. ಜನ ಬಂದು 'ಮುಟ್ಲಾ?' ಎಂದು ಕೇಳುತ್ತಿದ್ದರು. ಇಲ್ಲ ಎನ್ನಲು ನನಗೆ ಕಷ್ಟವಾಗುತ್ತಿತ್ತು. 'ಇವತ್ತು ನೋಡೋದು ಮಾತ್ರ, ಪಾಠ ನಡೀತಿದೆ' ಎಂದು ಹೇಳಲು ಮಿಸ್ ಕಲಿಸಿದರು. ಆ ಮಾತಿಗೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಮೂರನೇ ವಾರ ಎಡವಟ್ಟಾಯಿತು. ಜೋರು ಮಳೆ. ಕೊರಿಯರ್ ಹುಡುಗ ರೇನ್‌ಕೋಟು, ಹೆಲ್ಮೆಟ್ಟು ಹಾಕಿಕೊಂಡೇ ಬಾಗಿಲಿಗೆ ಬಂದ. ನೇರು ಟಿವಿ ಸ್ಟ್ಯಾಂಡ್ ಕೆಳಗೆ ಸರಿದು ಮೊದಲ ಸಲ ಗುರ್ರ್ ಎಂದಳು. ನಾನು ಜೋರಾಗಿ ಗದರಿಬಿಟ್ಟೆ. ಸಂಜೆ ಮಿಸ್‌ಗೆ ಫೋನ್ ಮಾಡಿ ಹೇಳಿದಾಗ ಅವರು ಮೊದಲು ಕೇಳಿದ್ದು, 'ಗದರಿದಿರಾ?' ಎಂದು. ಗುರುಗುಟ್ಟುವುದು ನಾಯಿ ಕೊಡುವ ಮುನ್ಸೂಚನೆಯಂತೆ. ನನಗೆ ಹೆದರಿಕೆ ಆಗ್ತಿದೆ, ದೂರ ಇರಿ ಎಂದು ಅದು ಹೇಳುತ್ತಿದೆ. ಗದರಿ ಗದರಿ ಆ ಸದ್ದನ್ನು ನಿಲ್ಲಿಸಬಹುದು, ಹೆದರಿಕೆ ಹಾಗೇ ಉಳಿಯುತ್ತದೆ. ಮುಂದೊಂದು ದಿನ ಸದ್ದಿಲ್ಲದೆ ಕಚ್ಚುತ್ತದೆ. ಇದನ್ನು ಕೇಳಿ ನನಗೆ ಕೈಕಾಲು ತಣ್ಣಗಾಯಿತು.

ಮಾರನೇ ದಿನದಿಂದ ಹೆಲ್ಮೆಟ್ ಪಾಠ. ನನ್ನ ಗಂಡನ ಹೆಲ್ಮೆಟ್ಟನ್ನು ಹಾಲ್ ಮಧ್ಯೆ ಇಟ್ಟು ಸುತ್ತ ಚಿಕನ್ ಚೂರು ಹಾಕಿದೆವು. ಮೊದಲ ದಿನ ಅವಳು ಕತ್ತು ಚಾಚಿ ದೂರದ ಚೂರು ಮಾತ್ರ ತಿಂದಳು. ಮೂರನೇ ದಿನ ಹೆಲ್ಮೆಟ್ಟಿನ ಒಳಗಿನದನ್ನೂ ತಿಂದಳು. ಆಮೇಲೆ ಅವರು ಅದನ್ನು ಕೈಯಲ್ಲಿ ಹಿಡಿದು ಕೂತರು, ತಲೆಗೆ ಇಟ್ಟು ತಕ್ಷಣ ತೆಗೆದರು, ಹಾಕಿಕೊಂಡು ಮಾತಾಡಿದರು, ಹಾಕಿಕೊಂಡು ಎದ್ದು ನಿಂತರು. ರೇನ್‌ಕೋಟಿನ ಸರಸರ ಸದ್ದಿಗೆ ಬೇರೆ ಎರಡು ದಿನ. ಒಟ್ಟು ಒಂಬತ್ತು ದಿನ, ದಿನಕ್ಕೆ ಐದೇ ನಿಮಿಷ. ಹತ್ತನೇ ದಿನ ಅದೇ ಕೊರಿಯರ್ ಹುಡುಗನನ್ನು ಕೇಳಿಕೊಂಡೆವು. ಅವನು ಗೇಟಿನ ಹೊರಗೆ ಹೆಲ್ಮೆಟ್ ಹಾಕಿಯೇ ನಿಂತು ಒಳಗೆ ಚೂರು ಎಸೆದ. ನೇರು ಓಡಿಹೋಗಲಿಲ್ಲ. ತಿಂದು, ಅವನನ್ನೇ ನೋಡುತ್ತಾ ಕೂತಳು. ಆ ಹುಡುಗ ತುಂಬ ಒಳ್ಳೆಯವನು, ಈಗ ಪ್ರತಿ ಸಲ ಅವಳನ್ನು ವಿಚಾರಿಸಿಯೇ ಹೋಗುತ್ತಾನೆ.

ಮೈಸೂರಿನವರಿಗೆ ಇದು ಹೊಸದೇನಲ್ಲ ಎಂದು ಮಿಸ್ ಹೇಳುತ್ತಿದ್ದರು. ದಸರಾ ಆನೆಗಳಿಗೆ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಸಿ ನಡೆಸಿ ಜನ, ವಾಹನ ಎಲ್ಲ ಅಭ್ಯಾಸ ಮಾಡಿಸುತ್ತಾರೆ ಅಲ್ವಾ? ಮೊದಲು ಬರಿಮೈ, ಆಮೇಲೆ ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ. 750 ಕೆಜಿಯ ಚಿನ್ನದ ಅಂಬಾರಿ ಬರುವುದು ಕೊನೆಗೆ. ಕುಶಾಲತೋಪಿನ ಸದ್ದಿನ ತಾಲೀಮು ಬೇರೆ. ಹೊಸ ಆನೆಗಳು ಮೊದಲ ಸಲ ಬೆದರುತ್ತವೆ, ಪಕ್ಕದಲ್ಲಿ ಹಳೆಯ ಆನೆ ಅಲ್ಲಾಡದೆ ನಿಂತಿರುತ್ತದೆ. ಕ್ಲಾಸಿನಲ್ಲೂ ಮಿಸ್ ಅವರ ಹಳೆ ನಾಯಿ ಇರುತ್ತದೆ, ಬೀದಿಯಿಂದ ತಂದು ಸಾಕಿದ್ದು, ಕಂದು ಬಣ್ಣ. ಯಾರು ಬಂದರೂ ಒಮ್ಮೆ ನೋಡಿ ಮತ್ತೆ ತಲೆ ಇಟ್ಟು ಮಲಗುತ್ತದೆ. ಹೊಸಬರು ಬಂದಾಗ ನೇರು ಮೊದಲು ಅದರ ಮುಖ ನೋಡುತ್ತಿದ್ದಳು. ಆರು ವಾರದಲ್ಲಿ ಅವಳಿಗೆ ಜಾಸ್ತಿ ಕಲಿಸಿದ್ದು ಆ ನಾಯಿಯೇ ಎಂದು ನನಗೆ ಅನಿಸುತ್ತದೆ.

ನಾಲ್ಕನೇ ವಾರದ ಪಾಠ ದೊಡ್ಡ ತಳಿ ಸಾಕುವವರಿಗೆ ಬಹಳ ಮುಖ್ಯ. ಸ್ನೇಹ ಜಾಸ್ತಿಯಾದ ದೊಡ್ಡ ನಾಯಿ ಮೇಲೆ ಹಾರಿದರೆ ಅದೂ ಅಪಾಯವೇ. ನಮ್ಮ ಅತ್ತೆಯಂಥವರನ್ನು ಬೀಳಿಸಲು ಕಚ್ಚಬೇಕಾಗಿಲ್ಲ, ಪ್ರೀತಿಯಿಂದ ಎರಡು ಕಾಲು ಎದೆಗೆ ಇಟ್ಟರೆ ಸಾಕು. ಮನೆಗೆ ಬಂದ ನೆಂಟರೆಲ್ಲ 'ಬಿಡಮ್ಮ, ಮರಿ ಅಲ್ವಾ, ಹಾರಲಿ' ಎನ್ನುತ್ತಿದ್ದರು. ಮರಿಗೆ ಹತ್ತು ವಾರದಲ್ಲಿ ಸರಿ ಎಂದು ಹೇಳಿಕೊಟ್ಟಿದ್ದನ್ನು ಹತ್ತು ತಿಂಗಳಿಗೆ ತಪ್ಪು ಎಂದರೆ ಅದಕ್ಕೆ ಹೇಗೆ ಅರ್ಥವಾಗಬೇಕು? ಕ್ಲಾಸಿನ ನಿಯಮ ಒಂದೇ. ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತು, ಸವರುವುದು, ತಿಂಡಿ ಎಲ್ಲ ಸಿಗುತ್ತದೆ. ಹಾರಿದರೆ ಯಾರೂ ಬೈಯುವುದಿಲ್ಲ, ಯಾರೂ ನೋಡುವುದೂ ಇಲ್ಲ. ತಿಂಡಿಯನ್ನು ನೆಲದ ಮೇಲೇ ಇಡಬೇಕು, ಆಗ ಮೂಗು ಕೆಳಗೇ ಇರುತ್ತದೆ. ಐದನೇ ಭಾನುವಾರ ಅತ್ತೆಯನ್ನೂ ಕರೆದುಕೊಂಡು ಹೋದೆವು. ಬೇರೆ ಮರಿಗಳಿಗೆ 'ಕೋಲು ಹಿಡಿದ ಹೊಸಬರು' ಅವರೇ. ಕುರ್ಚಿಯಲ್ಲಿ ಕೂತು, ಕೋಲನ್ನು ಕಾಲ ಬಳಿ ಮಲಗಿಸಿ, ಐದೂ ಮರಿಗಳಿಗೆ ತಾವೇ ಚೂರು ಎಸೆದರು. ಮಡಿ ಹೆಂಗಸು, ಚಿಕನ್ ಮುಟ್ಟುವುದಿಲ್ಲ. ಅದಕ್ಕೇ ಮಿಸ್ ಅವರಿಗೆಂದೇ ಪನೀರ್ ತಂದಿಟ್ಟಿದ್ದರು. ಹೇಳದೆಯೇ ಅದನ್ನು ಅರ್ಥ ಮಾಡಿಕೊಂಡಿದ್ದಕ್ಕೆ ನನಗೆ ಅವರ ಮೇಲೆ ಗೌರವ ಇನ್ನೂ ಹೆಚ್ಚಾಯಿತು.

ಹೀಗೆ ಬೆಳೆಸಿದರೆ ಕಾವಲು ಕಾಯುತ್ತಾ ಎಂದು ನನ್ನ ತಮ್ಮ ಕೇಳಿದ. ರಾಟ್‌ವೀಲರ್ ಬಂದಿದ್ದು ಜರ್ಮನಿಯ ರಾಟ್‌ವೈಲ್ ಊರಿನಿಂದ. ಅಲ್ಲಿ ಅದು ಕಟುಕರ ನಾಯಿ. ದನಗಳನ್ನು ಸಂತೆಗೆ ಹೊಡೆದುಕೊಂಡು ಹೋಗುವುದು, ಗಾಡಿ ಎಳೆಯುವುದು ಅದರ ಕೆಲಸ. ಸಂತೆಯ ಜನರ ಮಧ್ಯೆ ಕೆಲಸ ಮಾಡಿದ ತಳಿಗೆ ಎಲ್ಲರನ್ನೂ ಕಚ್ಚುವುದು ಹೇಗೆ ಹುಟ್ಟುಗುಣ ಆಗುತ್ತದೆ? ನೇರು ಈಗ ರಾತ್ರಿ ಕಾಂಪೌಂಡ್ ಹತ್ತಿರ ಅಪರಿಚಿತ ಸದ್ದಾದರೆ ಎರಡು ಸಲ ಬೊಗಳುತ್ತಾಳೆ. ಆ ದನಿ ಕೇಳಿದವರು ಗೇಟು ಮುಟ್ಟುವುದಿಲ್ಲ. ನಮಗೆ ಅಷ್ಟು ಸಾಕು.

ಕೊರತೆಗಳೂ ಇವೆ. ಆರು ಕ್ಲಾಸಿಗೆ 7,500 ರೂಪಾಯಿ, ನಮ್ಮಂಥ ಮನೆಗೆ ಕಡಿಮೆ ದುಡ್ಡಲ್ಲ. ಕೊಡುವ ಪಾಠದ ಹಾಳೆಗಳು ಇಂಗ್ಲಿಷಿನಲ್ಲಿ ಮಾತ್ರ. ಮೈಸೂರಿನಲ್ಲಿ ನಡೆಸುವ ಕ್ಲಾಸಿಗೆ ಇದು ಸರಿಯಲ್ಲ. ನಾಯಿಯ ಜೊತೆ ದಿನವಿಡೀ ಇರುವವರು ಮನೆಯ ಹಿರಿಯರು, ಕೆಲಸಕ್ಕೆ ಬರುವವರು, ಅವರಿಗೆ ಓದಲು ಬರಬೇಕಲ್ವಾ? ನಾನೇ ಕನ್ನಡದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆ, ಒಂದು ಪ್ರತಿ ಮಿಸ್‌ಗೂ ಕೊಟ್ಟೆ. ಸಣ್ಣ ತಳಿ, ದೊಡ್ಡ ತಳಿ ಎಲ್ಲವನ್ನೂ ಒಟ್ಟಿಗೆ ಆಡಲು ಬಿಡುವುದೂ ನನಗೆ ಹಿಡಿಸಲಿಲ್ಲ. ಒಂದು ದಿನ ನೇರು ಓಡುತ್ತಾ ಒಂದು ಶಿಟ್ಜು ಮರಿಯನ್ನು ಉರುಳಿಸಿದಳು. ಪೆಟ್ಟಾಗಲಿಲ್ಲ, ಆದರೆ ಆ ಮರಿ ಉಳಿದ ಹೊತ್ತೆಲ್ಲ ಅವರಮ್ಮನ ಮಡಿಲು ಬಿಟ್ಟು ಇಳಿಯಲಿಲ್ಲ. ಪಕ್ಕದ ಖಾಲಿ ಸೈಟಿಗೆ ಶೆಡ್ ಇಲ್ಲ, ಮಳೆ ಬಂದರೆ ಹೊರಗಿನ ಪಾಠ ನಿಲ್ಲುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ, ಹದಿನಾರು ವಾರಕ್ಕೆ ಎಲ್ಲ ಮುಗಿಯುವುದು. ದೊಡ್ಡ ತಳಿಗೆ ಹರೆಯ ಬರುವುದೇ ಏಳೆಂಟು ತಿಂಗಳಿಗೆ. ನೇರು ಎಂಟನೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಓಡುವ ಮಕ್ಕಳನ್ನು ಕಂಡು ಬಿಗಿಯಾಗತೊಡಗಿದಳು. ನಾವು ಮತ್ತೆ ಕಾರಿನ ಡಿಕ್ಕಿ, ಚಿಕನ್ ಚೂರು ಎಂದು ಮೊದಲಿಂದ ಶುರು ಮಾಡಬೇಕಾಯಿತು. ಈ ಕಾರಣಕ್ಕೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ.

ನಮ್ಮ ಗೇಟಿನಲ್ಲಿ ಎಲ್ಲರ ಮನೆಯಂತೆ 'ನಾಯಿ ಇದೆ ಎಚ್ಚರಿಕೆ' ಬೋರ್ಡು ಇದೆ. ಅದರ ಕೆಳಗೆ ಮಗಳು ತನ್ನ ಕೈಯಲ್ಲೇ ಇನ್ನೊಂದು ಬರೆದು ಹಾಕಿದ್ದಾಳೆ: 'ನಾನು ನೇರಳೆ. ನಾನೇ ಹತ್ತಿರ ಬರ್ತೀನಿ, ಅಲ್ಲಿವರೆಗೆ ಕೈ ಚಾಚಬೇಡಿ.' ಎದುರು ಮನೆಯ ಆಂಟಿ ಸಂಕ್ರಾಂತಿಗೆ ಎಳ್ಳು ಬೀರಲು ಒಳಗೆ ಬಂದು ಕೂತರು. ಹತ್ತು ನಿಮಿಷ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಮೂವತ್ತೈದು ಕೆಜಿಯ ನೇರು ನಿಧಾನವಾಗಿ ಹೋಗಿ ಅವರ ಸೀರೆಯ ನೆರಿಗೆ ಮೂಸಿ, ಅಲ್ಲೇ ಪಕ್ಕದಲ್ಲಿ ಮಲಗಿದಳು.

ಹರೆಯದ ನಾಯಿಗಳಿಗೂ ಒಂದು ಕ್ಲಾಸು ಬೇಕು ಎಂದು ನಮ್ಮ ಬ್ಯಾಚಿನ ನಾಲ್ಕು ಮನೆಯವರು ಸೇರಿ ಮಿಸ್‌ನ ಕೇಳಿಕೊಂಡಿದ್ದೆವು. ಮುಂದಿನ ತಿಂಗಳಿಂದ ತಿಂಗಳಿಗೊಮ್ಮೆ ಶುರು ಮಾಡುತ್ತಾರಂತೆ, ಈ ಸಲ ಸಣ್ಣ ತಳಿಗೆ ಬೇರೆ ಹೊತ್ತು. ದುಡ್ಡು ಕಟ್ಟಿ ಬಂದಿದ್ದೇವೆ. ಅತ್ತೆಯೂ ಬರುತ್ತಾರಂತೆ. ಪನೀರ್ ಮನೆಯಿಂದಲೇ ತರಬೇಕಾ ಎಂದು ಕೇಳು ಎಂದಿದ್ದಾರೆ.